ಬನಹಟ್ಟಿ ಸರ್ಕಲ್ಲಿನಲ್ಲಿ ಗ್ರೀಕ್ ಪೆನಲ್

ನಮ್ಮ ಬನಹಟ್ಟಿಯಲ್ಲಿ ಒಬ್ಬ ಮನುಷ್ಯ ಹುಟ್ಟಿದ್ದಾನೆ ಎಂಬುದಕ್ಕೆ ಸರ್ಕಾರ ಏನೇ ಕಾಗದ ಕೊಡಲಿ, ಸರ್ಕಲ್ಲಿನಲ್ಲಿ ಅವನ ಫ್ಲೆಕ್ಸ್ ಏಳುವವರೆಗೆ ಅವನು ಹುಟ್ಟಿದ ಲೆಕ್ಕಕ್ಕೆ ಬರುವುದಿಲ್ಲ. ಜವಳ, ಮದುವೆ, ಹೊಸ ಟ್ರ್ಯಾಕ್ಟರು, ಸಾವು, ಎಲ್ಲದಕ್ಕೂ ಮುಖ ಬೇಕು. ಆ ಮುಖದ ಕೆಳಗೆ ಶುಭ ಕೋರುವವರ ಮುಖ ಬೇಕು. ಅದರ ಕೆಳಗೆ, ತಮ್ಮ ಮುಖ ಬಿಟ್ಟುಹೋಗಿದೆ ಎಂದು ಜಗಳಕ್ಕೆ ಬಂದವರ ಮುಖ ಬೇಕು. ಈ ಮುಖಗಳನ್ನೆಲ್ಲ ಹಿಂದಿನ ಗೋಡೆ, ಎಮ್ಮೆ, ಮೋಟರ್‌ಸೈಕಲ್ಲುಗಳಿಂದ ಬಿಡಿಸಿ, ಬೆಳ್ಳಗೆ ಮಾಡಿ, ಮೀಸೆ ತಿದ್ದಿ ನಿಲ್ಲಿಸುವ ಪಾಪಿ ನಾನು. ಹೆಸರು ಶಿವಪುತ್ರ. ಪರಮಾನಂದ ಫ್ಲೆಕ್ಸ್ ಅಂಗಡಿಯಲ್ಲಿ ಡಿಸೈನರ್. ಒಂಬತ್ತನೆಯ ಇಯತ್ತೆಗೆ ಶಾಲೆ ಬಿಟ್ಟವನು. ಇದನ್ನು ನಾನು ಹೇಳದಿದ್ದರೆ ಊರವರು ಹೇಳುತ್ತಾರೆ, ಅದಕ್ಕೇ ಮೊದಲೇ ಹೇಳಿಬಿಟ್ಟೆ.

ನನಗೆ ಸಿಟ್ಟು ಬಹಳ ಎನ್ನುತ್ತಾರೆ. ಬರದೆ ಏನು ಮಾಡೀತು? ಊರಿನ ಅಷ್ಟೂ ಜನರ ಹೆಸರನ್ನು ಮೊಳದುದ್ದದ ಅಕ್ಷರದಲ್ಲಿ ಬರೆದವನು ನಾನು, ನನ್ನ ಹೆಸರು ಮಾತ್ರ ಎಲ್ಲೂ ಅಚ್ಚಾಗಿಲ್ಲ. ಫ್ಲೆಕ್ಸಿನ ಮೂಲೆಯಲ್ಲಿ ಇರುವೆಯಷ್ಟು ದೊಡ್ಡದಾಗಿ ‘ಶಿವಪುತ್ರ’ ಎಂದು ಹಾಕಿದರೂ ಸಾಕು, ಮಾಲಕ ಪರಮಾನಂದ ಅದರ ಮೇಲೆ ಒಂದು ಗುಲಾಬಿ ಹೂ ಇಟ್ಟು ಮುಚ್ಚುತ್ತಾನೆ.

ಇಂಥ ಹೊತ್ತಿನಲ್ಲಿ ಮಧುಮತಿ ಅಕ್ಕಾರು ಬಂದರು. ತೇರದಾಳದ ಮಗಳು, ಪುಣೆಯ ಸೊಸೆ. ಪುಣೆಯಲ್ಲಿ ಟ್ಯಾರೋ ಕಾರ್ಡು ನೋಡಿ ಭವಿಷ್ಯ ಹೇಳುತ್ತಾರೆ. ಕಾರ್ಡುಗಳನ್ನು ಇಸ್ಪೀಟಿನಂತೆ ಕಲೆಸುವುದು, ಬಂದವರ ಕೈಯಲ್ಲಿ ಒಂದನ್ನು ಎತ್ತಿಸುವುದು, ಅದರ ಮೇಲಿನ ಚಿತ್ರ ನೋಡಿ ಅವರ ಹಣೆಬರಹ ಹೇಳುವುದು. ಒಟ್ಟಿನಲ್ಲಿ ಗಿಳಿ ಇಲ್ಲದ ಗಿಳಿಶಾಸ್ತ್ರ. ಹಳೆಯ ಚಿತ್ರಗಳು ಎಲ್ಲರ ಹತ್ತಿರವೂ ಇವೆಯಂತೆ. ಅದಕ್ಕೆ ಅಕ್ಕಾರಿಗೆ ದೊಡ್ಡ ಕಾರ್ಡು ಇಪ್ಪತ್ತೆರಡರಲ್ಲೂ ಗ್ರೀಕ್ ದೇವರುಗಳಿರುವ ಹೊಸ ಸೆಟ್ಟು ಬೇಕಾಗಿತ್ತು.

"ಗ್ರೀಕ್ ದೇವರು ಗೊತ್ತೇನ ತಮ್ಮಾ ನಿನಗ?" ಎಂದು ಕೇಳಿದರು.

ಗೊತ್ತಿಲ್ಲ ಎಂದು ಹೇಳಬಹುದಾಗಿತ್ತು. ಆದರೆ ಶಾಲೆ ಬಿಟ್ಟವನಿಗೆ ‘ಗೊತ್ತಿಲ್ಲ’ ಎನ್ನುವ ಚೈನಿ ಇರುವುದಿಲ್ಲ. ಅದು ಡಿಗ್ರಿ ಆದವರಿಗೆ ಮಾತ್ರ.

"ಏನ್ ಕೇಳತೀರಿ ಅಕ್ಕಾರ! ಅವರೆಲ್ಲಾ ನಮಗ ಮನಿ ಮಂದಿ ಇದ್ದಂಗ್ರಿ" ಅಂದೆ. ಈ ಮಾತು ಇಷ್ಟು ಬೇಗ ಖರೆಯಾಗುತ್ತದೆಂದು ಆಗ ನನಗೂ ತಿಳಿದಿರಲಿಲ್ಲ.

"ಛಲೋ ಆತು. ಆದ್ರ ಒಂದ ಮಾತು. ಡಬ್ಬಿ ಹೊರಗ ಬರೂತನಕ ಈ ಚಿತ್ರ ಒಂದ ನೊಣಾ ಸುದ್ದಾ ನೋಡಬಾರದು. ಪುಣೇದಾಗ ನನ್ನಂಗ ಇನ್ನೊಬ್ಬಾಕಿ ಅದಾಳ, ವಾಸನಿ ಹಿಡದು ಕದೀತಾಳ. ಗುಟ್ಟು ಉಳೀತಂದ್ರ ಡಬ್ಬಿ ಮ್ಯಾಲ ನಿನ್ನ ಹೆಸರು. ಚಿತ್ರ: ಶಿವಪುತ್ರ. ಗುಟ್ಟು ಹೋತಂದ್ರ ನೀ ಯಾರೋ, ನಾ ಯಾರೋ."

ಡಬ್ಬಿಯ ಮೇಲೆ ನನ್ನ ಹೆಸರು! ಗುಲಾಬಿ ಹೂ ಇಡಲು ಪರಮಾನಂದ ಪುಣೆಗೆ ಹೋಗುತ್ತಾನೇನು? ಅಂದೇ ಕೆಲಸ ಹಿಡಿದೆ. ಊಟ ಮರೆತೆ. ಯಾರದೋ ಮದುವೆಯ ಫ್ಲೆಕ್ಸಿನಲ್ಲಿ ಮದುಮಗನನ್ನೂ ಮರೆತೆ, ಆ ಬೈಗುಳ ಬೇರೆ ಕಥೆ.

ಫೋನಿನಲ್ಲಿ ಹುಡುಕಿದಾಗ ಗ್ರೀಕರು ಬಹಳ ಚಂದ ಕಂಡರು. ಸಿಡಿಲು ಹಿಡಿದ ರಾಜ ಝೀಯಸ್, ನವಿಲಿನ ರಾಣಿ ಹೇರಾ, ಸತ್ತವರನ್ನು ನದಿ ದಾಟಿಸುವ ಅಂಬಿಗ ಖರೋನ್, ಬಂಡೆಗೆ ಬಿಗಿಸಿಕೊಂಡು ಹದ್ದಿನ ಬಾಯಿಗೆ ಸಿಕ್ಕ ಪ್ರೊಮಿಥಿಯಸ್. ಮೈ, ಬಟ್ಟೆ, ಮೋಡ, ರಥ ಎಲ್ಲವೂ ಕೈಗೆ ಬಂದವು. ಬಾರದೆ ಹೋದದ್ದು ಮುಖ. ಫೋನಿನಲ್ಲಿ ಸಿಕ್ಕ ಗ್ರೀಕರೆಲ್ಲ ಕಲ್ಲಿನವರು, ಕಣ್ಣಿನಲ್ಲಿ ಕಪ್ಪು ಗುಡ್ಡೆಯೇ ಇಲ್ಲ. ಅಂಥ ಕಣ್ಣು ಇಟ್ಟರೆ ಭವಿಷ್ಯ ಕೇಳಲು ಬಂದವರು ಮೊದಲು ದೃಷ್ಟಿ ತೆಗೆಸಿಕೊಳ್ಳಲು ಓಡುತ್ತಾರೆ.

ಆಗ ಅಂಗಡಿಯ ಕಂಪ್ಯೂಟರಿನಲ್ಲಿ, ನಾನೇ ವರ್ಷಗಟ್ಟಲೆ ಕತ್ತರಿಸಿ ಕೂಡಿಟ್ಟ ಊರಿನ ಮುಖಗಳು ನನ್ನನ್ನು ನೋಡಿ ನಕ್ಕವು. ಪುಣೆಯವರಿಗೆ ಬನಹಟ್ಟಿಯವರ ಮುಖ ಹೇಗೆ ಗೊತ್ತಾಗಬೇಕು? ಮುಖ ಹಚ್ಚುತ್ತ ಹೋದೆ. ಝೀಯಸ್‌ಗೆ, ನೇಕಾರರ ಸೊಸೈಟಿಯ ಚೇರ್ಮನ್ ಕುರ್ಚಿಯನ್ನು ಹುಟ್ಟಿದಾಗಿನಿಂದ ಹಿಡಿದುಕೊಂಡಂತೆ ಕೂತಿರುವ ಗಿರಿಮಲ್ಲಪ್ಪನವರ ಮೀಸೆ. ಹೇರಾಳಿಗೆ ಅವರ ಹೆಂಡತಿ ಮುತ್ತವ್ವನವರು. ಹದ್ದು ಕುಕ್ಕುವ ಪ್ರೊಮಿಥಿಯಸ್‌ಗೆ, ಗಿರಿಮಲ್ಲಪ್ಪನವರ ಬದ್ಧ ವೈರಿ ಬಸವಕುಮಾರ. ಆ ಕಾರ್ಡಿನಲ್ಲಿ ಮನುಷ್ಯ ತಲೆಕೆಳಗಾಗಿ ತೂಗಬೇಕು ಎಂಬುದು ಟ್ಯಾರೋದ ನಿಯಮ, ನನ್ನ ತಪ್ಪಲ್ಲ. ಸಾವಿನ ಕಾರ್ಡಿನ ಅಂಬಿಗ ಖರೋನ್‌ಗೆ ನೂಲಿನ ವ್ಯಾಪಾರಿ ಧರ್ಮರಾಜರು. ಅವರ ಹೆಸರೇ ಹಾಗಿರುವಾಗ ಬೇರೆಯವರನ್ನು ಹುಡುಕುವುದು ಅಧರ್ಮ. ಚಂದ್ರನ ಕಾರ್ಡಿನಲ್ಲಿ ಮೂರು ತಲೆಯ ನಾಯಿ ಬೇಕಾಗಿತ್ತು, ಮುಧೋಳದ ಒಂದು ಬೇಟೆನಾಯಿಗೆ ಇನ್ನೆರಡು ತಲೆ ಜೋಡಿಸಿದೆ. ತಕ್ಕಡಿ ಹಿಡಿದ ನ್ಯಾಯದೇವತೆಗೆ ಹೆಂಗಸರ ಮುಖವೇ ಉಳಿಯಲಿಲ್ಲ. ಯಾವುದೋ ಸ್ವಾಗತದ ಫ್ಲೆಕ್ಸಿನಿಂದ ಒಬ್ಬ ಸಾಹೇಬರನ್ನು ತೆಗೆದು ಇಟ್ಟೆ. ಕೊನೆಗೆ ಉಳಿದದ್ದು ಸೊನ್ನೆ ನಂಬರಿನ ಕಾರ್ಡು, ಟ್ಯಾರೋದ ಹುಚ್ಚ. ಅಲ್ಲಿ ಮೇಣದ ರೆಕ್ಕೆ ಕಟ್ಟಿಕೊಂಡು ಸೂರ್ಯನ ಹತ್ತಿರ ಹಾರಿ ಬಿದ್ದ ಇಕಾರಸ್ ಎಂಬ ಹುಡುಗ. ಅವನಿಗೆ ನನ್ನ ಮುಖವನ್ನೇ ಹಚ್ಚಿದೆ. ಹುಡುಗ ಚಂದ ಇದ್ದ.

ಬಣ್ಣ ನೋಡಲೆಂದು ಎಲ್ಲವನ್ನೂ ಒಂದೇ ಫ್ಲೆಕ್ಸಿನಲ್ಲಿ, ಮೇಲೆ ದಪ್ಪಕ್ಷರದಲ್ಲಿ ‘ಗ್ರೀಕ್’ ಎಂದು ಬರೆದು, ಅಚ್ಚು ಹೊಡೆದು, ಒಣಗಲು ಬಿಟ್ಟು ಮನೆಗೆ ಹೋದೆ.

ನಮ್ಮ ಅಂಗಡಿಯ ಒಂದು ಪದ್ಧತಿಯನ್ನು ಇಲ್ಲಿ ಹೇಳಲೇಬೇಕು. ಮಷೀನಿನಿಂದ ಏನು ಹೊರಗೆ ಬಿದ್ದಿದ್ದರೂ ಬೆಳಿಗ್ಗೆ ಅಂಗಡಿಯ ಆಳು ಸಾಬಣ್ಣ ಅದನ್ನು ಸರ್ಕಲ್ಲಿಗೆ ಒಯ್ದು ಕಟ್ಟುತ್ತಾನೆ. ಒಮ್ಮೆ ಒಣಗಲು ಹಾಕಿದ್ದ ಮಾಲಕನ ಧೋತರವನ್ನೂ ಕಟ್ಟಿ ಬಂದಿದ್ದ.

ಬೆಳಿಗ್ಗೆ ನಾನು ಸರ್ಕಲ್ಲಿಗೆ ಬಂದಾಗ ಜನವೋ ಜನ. ತಲೆ ಎತ್ತಿ ನೋಡಿದೆ. ಒಂದು ನೊಣವೂ ನೋಡಬಾರದ ಗ್ರೀಕರು ಬಸ್ ಸ್ಟ್ಯಾಂಡಿನ ಎದುರಿಗೇ ಗಾಳಿಗೆ ಪಟಪಟ ಬಡಿಯುತ್ತಿದ್ದಾರೆ. ಕೆಳಗೆ ನಿಂತು ಇಡೀ ಊರು ನೋಡುತ್ತಿದೆ.

ಇದೇ ಸಾಲದೆಂದು, ಅಂದೇ ಸೊಸೈಟಿ ಚುನಾವಣೆಗೆ ನಾಮಪತ್ರ ಕೊಡುವ ಕಡೆಯ ದಿನ. ಸರ್ಕಲ್ಲಿನ ತುಂಬ, ಗುಂಪು ಕಟ್ಟಿ ಚುನಾವಣೆಗೆ ನಿಂತವರ ಪೆನಲ್‌ಗಳ ಫ್ಲೆಕ್ಸು: ಸಾಲಾಗಿ ಮುಖ, ಮುಖದ ಹತ್ತಿರ ನಂಬರು, ಪಕ್ಕದಲ್ಲಿ ಚುನಾವಣೆಯ ಗುರುತು. ನನ್ನ ಗ್ರೀಕರಲ್ಲೂ ಸಾಲಾಗಿ ಮುಖ ಇದ್ದವು, ನಂಬರು ಇದ್ದವು, ಎಲ್ಲರ ಕೈಯಲ್ಲೂ ಏನಾದರೊಂದು ಇತ್ತು.

"ಗ್ರೀಕ್ ಪೆನಲ್!" ಒಬ್ಬ ಓದಿದ. "ಹೊಸಾ ಪೆನಲ್ ಎದ್ದೈತಲೇ! ಗಿರಿಮಲ್ಲಪ್ಪ ಸಾಹುಕಾರ್ರು, ಬಸವಕುಮಾರ ಒಂದ ಪೆನಲ್ದಾಗ! ರಾಜಿ ಆತು ಅಂದಂಗಾತು!"

"ಬಸವಕುಮಾರ ಯಾಕ ತಲಿಕೆಳಗ ಅದಾನ?"

"ಸೋಲು ಒಪ್ಪಿದಾಂವ ನೆಟ್ಟಗ ನಿಂದರತಾನೇನು?"

ಧರ್ಮರಾಜರು ಆಗಲೇ ಹೊಸ ಟೊಪ್ಪಿಗೆ ಹಾಕಿಕೊಂಡು ಬಂದು ನಿಂತಿದ್ದರು. "ಏ ಶಿವಪುತ್ರ, ಬಾರಪಾ ಇಲ್ಲೆ. ನಂಗ ದೋಣಿ ಗುರ್ತು ಕೊಟ್ಟೀರಿ, ಬಹಳ ಚಲೋ ಆತು. ಆದ್ರ ದೋಣ್ಯಾಗ ಕುಂತ ಮಂದಿ ಮಾರಿ ಯಾಕ ಅಷ್ಟ ಬಿಳಚಿಕೊಂಡಾವು?"

"ಅವರು ಮತದಾರರ್ರೀ" ಅಂದೆ. ಬೇರೆ ಏನು ಹೇಳಲಿ?

ಎರಡು ಗಂಟೆಯ ತೇರದಾಳ ಬಸ್ಸಿಗೆ ಮಧುಮತಿ ಅಕ್ಕಾರು ಚಿತ್ರ ನೋಡಲು ಬರುವವರಿದ್ದರು. ಬಸ್ಸು ನಿಲ್ಲುವುದು ಇದೇ ಸರ್ಕಲ್ಲಿನಲ್ಲಿ. ಅಷ್ಟರೊಳಗೆ ಫ್ಲೆಕ್ಸ್ ಇಳಿಯಬೇಕು, ಇಲ್ಲವಾದರೆ ನನ್ನ ಹೆಸರಿಗೆ ಮತ್ತೆ ಗುಲಾಬಿ ಹೂವೇ. ನಿಚ್ಚಣಿಕೆ ತಂದು ಮೊದಲ ಮೆಟ್ಟಿಲಿಗೆ ಕಾಲಿಟ್ಟೆ. ಹಿಂದಿನಿಂದ ಯಾರೋ ನನ್ನ ಪ್ಯಾಂಟು ಹಿಡಿದು ಎಳೆದರು.

"ಯಾಕಲೇ ಮಗನ, ಯಾವ ಪಾರ್ಟಿಯಿಂದ ರೊಕ್ಕಾ ತಗೊಂಡಿ? ಪೆನಲ್ ಇಳಸಾಕ ಬಂದಿ?"

"ಇದು ಪೆನಲ್ ಅಲ್ಲೋ ಮಾರಾಯಾ! ಇವರೆಲ್ಲಾ ದೇವ್ರು!"

"ಗೆಲ್ಲೂ ಮೊದಲ ಎಲ್ಲಾರೂ ದೇವ್ರ. ಇಳಿ ಕೆಳಗ!"

ನಮ್ಮ ಊರಿನಲ್ಲಿ ಫ್ಲೆಕ್ಸ್ ಏರಿಸುವುದಕ್ಕೆ ಪರವಾನಗಿ ಸಾಕು, ಇಳಿಸುವುದಕ್ಕೆ ಗುಂಡಿಗೆ ಬೇಕು. ಅಷ್ಟರಲ್ಲಿ ಬಸವಕುಮಾರ ತನ್ನ ಹುಡುಗರನ್ನು ಕಟ್ಟಿಕೊಂಡು ಮೂರು ಮೋಟರ್‌ಸೈಕಲ್ಲಿನ ಮೇಲೆ ಬಂದ. ಬಂದವನೇ ಸೊಂಟ ಬಗ್ಗಿಸಿ, ಕಾಲುಗಳ ನಡುವಿನಿಂದ ತಲೆ ತೂರಿಸಿ ತನ್ನ ಚಿತ್ರ ನೋಡಿಕೊಂಡ.

"ಫೋಟೋ ಛಲೋ ಬಂದೈತಿ," ಅಂದ. "ಹದ್ದಿನ ಗುರ್ತೂ ಬರೋಬ್ಬರಿ ಐತಿ. ಆದ್ರ ಯಾಂವ ನನ್ನ ತಲಿಕೆಳಗ ಮಾಡಿದಾಂವ? ನಾಳೆ ಊರಾಗ ಹೆಂಗ ತಿರಗ್ಯಾಡಲಿ?"

ನಾನು ಆಸೆಯಿಂದ, "ಇಳಿಸಿಬಿಡೂಣ್ರಿ ಅಣ್ಣಾರ!" ಅಂದೆ.

"ಇಳಸೂದ್ಯಾಕ? ತಿರಗಿಸ್ರಲೇ ಅದನ್ನ!"

ಅವನ ಹುಡುಗರು ಹಗ್ಗ ಬಿಚ್ಚಿ ಇಡೀ ಫ್ಲೆಕ್ಸನ್ನೇ ಬುಡಮೇಲು ಮಾಡಿ ಕಟ್ಟಿದರು. ಈಗ ಬಸವಕುಮಾರ ಒಬ್ಬನೇ ನೆಟ್ಟಗೆ, ಉಳಿದ ದೇವಾನುದೇವತೆಗಳೆಲ್ಲ ತಲೆಕೆಳಗೆ. ಇದನ್ನು ಕೇಳಿ ಗಿರಿಮಲ್ಲಪ್ಪನವರ ಕಡೆಯವರು ಓಡಿ ಬಂದು ಮತ್ತೆ ತಿರುಗಿಸಿದರು. ಇವರು ಚಹಾ ಕುಡಿಯಲು ಹೋದಾಗ ಅವರು, ಅವರು ಎಲೆ-ಅಡಿಕೆಗೆ ಹೋದಾಗ ಇವರು. ಮಧ್ಯಾಹ್ನದ ಹೊತ್ತಿಗೆ ಗ್ರೀಸ್ ದೇಶ ಎಷ್ಟು ಸಲ ಮಗ್ಗುಲು ಬದಲಿಸಿತೋ ಸಾಬಣ್ಣನಿಗೇ ಗೊತ್ತು, ಎರಡೂ ಕಡೆಯವರಿಗೆ ಹಗ್ಗ ಹಿಡಿದು ಕೊಡುತ್ತಿದ್ದವನು ಅವನೇ.

ಈ ನಡುವೆ ಮುಧೋಳದಿಂದ ಫೋನು ಬಂತು. "ನನ್ನ ನಾಯಿನ್ನ ಎಲೆಕ್ಷನ್‌ಗೆ ನಿಲ್ಲಿಸೀರಂತ. ಯಾರನ್ನ ಕೇಳಿ ನಿಲ್ಲಿಸಿದ್ರಿ?"

"ತಪ್ಪಾತ್ರಿ ಸಾಹುಕಾರ."

"ತಪ್ಪು ಬ್ಯಾರೆ ಮಾತು. ಮೂರ ತಲಿ ಅಂದ್ರ ಅದಕ್ಕ ಮೂರ ಓಟು ಹಾಕಾಕ ಬರತೈತೋ ಇಲ್ಲೋ, ಅಷ್ಟ ಹೇಳು."

ಕೊನೆಯ ಉಪಾಯವೆಂದು ಸೊಸೈಟಿಗೆ ಓಡಿದೆ. ಜಮಖಂಡಿಯಿಂದ ಬಂದಿದ್ದ ಚುನಾವಣಾ ಅಧಿಕಾರಿಗಳು ನಾಮಪತ್ರ ಕಾಯುತ್ತ ಕೂತಿದ್ದರು. ಅವರ ಮುಖ ನೋಡಿದಾಗ ಎಲ್ಲೋ ನೋಡಿದ ಹಾಗಿದೆ ಎನಿಸಿತು. ಗಡಿಬಿಡಿಯಲ್ಲಿ ಲಕ್ಷ್ಯ ಕೊಡಲಿಲ್ಲ.

"ಸಾಹೇಬ್ರ, ಸರ್ಕಲ್ದಾಗ ಪರ್ಮಿಶನ್ ಇಲ್ಲದ ಫ್ಲೆಕ್ಸ್ ಐತ್ರಿ. ತಗಸ್ರಿ!"

ಸಾಹೇಬರು ಸರ್ಕಾರಿ ಗತ್ತಿನಲ್ಲಿ ಜೀಪು ಹತ್ತಿ ಬಂದರು. ಇಳಿದರು. ತಲೆ ಎತ್ತಿದರು. ಹನ್ನೊಂದನೆಯ ನಂಬರಿನಲ್ಲಿ, ಬಿಳಿಯ ಸೀರೆ ಉಟ್ಟು, ತಕ್ಕಡಿ ಹಿಡಿದು, ದಪ್ಪ ಮೀಸೆಯೊಂದಿಗೆ ಅವರೇ ನಿಂತಿದ್ದರು.

"ಅಯ್ಯೋ ಅದು ನಾನಽ!"

"ಸಾಹೇಬ್ರೂ ನಮ್ಮ ಪೆನಲ್ದಾಗ!" ಗುಂಪು ಕುಣಿಯಿತು. "ಗುರ್ತು ತಕ್ಕಡಿ!"

ಚುನಾವಣೆ ನಡೆಸುವವನೇ ಪೆನಲ್ಲಿನಲ್ಲಿ ಕಂಡರೆ ಅವನ ನೌಕರಿಯ ಗತಿಯೇನು? ಸಾಹೇಬರು ಅಲ್ಲೇ ಬಿದ್ದಿದ್ದ ನನ್ನ ನಿಚ್ಚಣಿಕೆ ಎಳೆದುಕೊಂಡರು, ತಾವೇ ಹತ್ತಿದರು, ಕಿಸೆಯಲ್ಲಿ ಸಿಕ್ಕ ಕಾಗದವೊಂದನ್ನು ತಮ್ಮ ಮುಖದ ಮೇಲೆ ಅಂಟಿಸಿದರು. ಅದು ಚುನಾವಣೆಯ ನೋಟೀಸು. ಕೆಳಗೆ ದುಂಡನೆಯ ನೀಲಿ ಮೊಹರು, ಸರ್ಕಾರಿ ಶಿಕ್ಕೆ.

"ಸರ್ಕಾರಿ ಶಿಕ್ಕಾ ಬಿತ್ತಲೇ! ಪೆನಲ್ ಪಾಸ್ ಆತು!"

ಪಟಾಕಿ ಹಚ್ಚಿದರು. ಯಾರೋ ತೆಂಗಿನಕಾಯಿ ಒಡೆದರು. ನಿಚ್ಚಣಿಕೆಯ ಮೇಲಿದ್ದ ಸಾಹೇಬರ ಫೋಟೋ ಹೊಡೆದು ಬೀಳಗಿಯವರೆಗೆ ಕಳಿಸಿದರು. ಸಾಹೇಬರು ಇಳಿದು ಜೀಪಿನ ಹಿಂದೆ ಕೂತು ನೀರು ಕುಡಿದರು. ನನ್ನ ಕಡೆಯ ಉಪಾಯದಿಂದ ಫ್ಲೆಕ್ಸಿಗೆ ಸರ್ಕಾರದ ಬಲವೂ ಬಂದಂತಾಯಿತು.

ಅಷ್ಟರಲ್ಲಿ ತೇರದಾಳದ ಬಸ್ಸಿನ ಹಾರ್ನ್ ಕೇಳಿಸಿತು.

ಇನ್ನು ವಿಚಾರ ಮಾಡುವ ಕಾಲವಲ್ಲ. ಬ್ಲೇಡು ಕಚ್ಚಿಕೊಂಡು, ಎಲ್ಲರೂ ಪಟಾಕಿ ನೋಡುತ್ತಿದ್ದಾಗ ಫ್ಲೆಕ್ಸಿನ ಹಿಂಬದಿಯಿಂದ ಕಂಬ ಹತ್ತಿದೆ. ಬೆಳಗಿನಿಂದ ತಿರುಗಿಸಿ ತಿರುಗಿಸಿ ಎರಡೂ ಕಡೆಯವರು ಹೊಸ ಹಗ್ಗ ಸುತ್ತಿದ್ದರು. ಮೂಲೆಯೊಂದಕ್ಕೆ ನೂರು ಗಂಟು. ಕೊಯ್ಯುತ್ತಲೇ ಇದ್ದೆ, ಬಸ್ಸು ನಿಂತಿತು. ಮಧುಮತಿ ಅಕ್ಕಾರು ಇಳಿದರು. ನಾನು ಕಂಬಕ್ಕೆ ಹಲ್ಲಿಯಂತೆ ಅಂಟಿಕೊಂಡೆ.

"ಯಾಂವ ಇದನ್ನ ಇಲ್ಲೆ ಕಟ್ಟಿದಾಂವ!" ಅಕ್ಕಾರ ದನಿಗೆ ಪಟಾಕಿಯೇ ಸುಮ್ಮನಾಯಿತು.

ನಮ್ಮ ಮಾಲಕ ಪರಮಾನಂದ ಯಾವ ಹೊತ್ತಿಗೆ ಯಾರನ್ನು ತೋರಿಸಬೇಕೆಂದು ಬಲ್ಲವನು. "ಇದನ್ನ ಮಾಡಿಸಿದವರು ಇವರ ನೋಡ್ರಿ! ಪುಣೇದಿಂದ ಬಂದಾರ!" ಎಂದು ಅಕ್ಕಾರನ್ನೇ ಮುಂದಕ್ಕೆ ದೂಡಿದ. ಜನ ಅವರ ಕೊರಳಿಗೆ ಹಾರ ಹಾಕಿ ಕಟ್ಟೆಯ ಮೇಲೆ ನಿಲ್ಲಿಸಿದರು. "ಭಾಷಣ! ಭಾಷಣ!"

"ಎಂಥಾ ಭಾಷಣ? ಇದು ಪೆನಲ್ ಅಲ್ಲ! ಇವು ಗ್ರೀಕ್ ದೇವರು, ಭವಿಷ್ಯ ಹೇಳೂ ಕಾರ್ಡು!"

ಆಗ ಮುತ್ತವ್ವನವರು ಸೆರಗು ಸಿಗಿಸಿಕೊಂಡು ಮುಂದೆ ಬಂದರು. "ಮೊದಲ ಇದನ್ನ ಹೇಳವಾ. ನಂಗ ಉಡಿಸಿದ ಆ ಸೀರಿ ಯಾವ ಊರಂದು? ಅಂಚಿಲ್ಲ, ಸೆರಗಿಲ್ಲ. ನೇಕಾರ್ರ ಊರಾಗ ಇಂಥಾದ್ದು ಉಡಸ್ತಾರೇನು? ಆಮ್ಯಾಲ ಹೇಳು, ನಾ ಯಾರು?"

"ನೀವು ಹೇರಾ. ದೇವತೆಗಳ ರಾಣಿ."

"ಮತ್ತ ನಮ್ಮ ಮನಿಯವರು?"

"ಝೀಯಸ್. ರಾಜ. ಆದ್ರ..." ಅಕ್ಕಾರಿಗೆ ಸಿಟ್ಟಿನಲ್ಲಿ ಮಾತು ನಿಲ್ಲಲಿಲ್ಲ. "ಅವನ ಚಾಳಿ ಚಲೋ ಇಲ್ಲ. ಕಂಡ ಕಂಡ ಹೆಂಗಸರ ಹಿಂದ ಹೋಗತಾನ. ಹೆಂಡತಿಗೆ ಗೊತ್ತಾಗಬಾರದಂತ ಒಮ್ಮೆ ಹಂಸ ಆಗತಾನ, ಒಮ್ಮೆ ಗೂಳಿ ಆಗತಾನ."

ಮುತ್ತವ್ವನವರು ನಿಧಾನಕ್ಕೆ, ಗುಂಪಿನಲ್ಲಿ ನಿಂತಿದ್ದ ಗಂಡನ ಕಡೆಗೆ ತಿರುಗಿದರು.

"ಮುಧೋಳಕ್ಕ ಮೀಟಿಂಗಿಗೆ ಹೊಂಟಾಗ ನೀವು ಏನಾಗಿ ಹೋಗತೀರಿ? ಹಂಸಾ, ಗೂಳೀ?"

"ಏ, ಖರೇನ ಮೀಟಿಂಗ ಇರತೈತಿ... ಇದು ಗ್ರೀಕಿನವರ ಕಥಿ ಅಲ್ಲನ?" ಗಿರಿಮಲ್ಲಪ್ಪನವರ ಮೀಸೆಯ ಸಿಡಿಲು ಆರಿತ್ತು.

"ಹೊಸಾ ಟಾವೆಲ್, ಅತ್ತರಾ, ಮೀಟಿಂಗಿಗೆ!" ಮುತ್ತವ್ವನವರು ಜೀಪಿನ ಹಿಂದೆ ಕೂತ ಸಾಹೇಬರ ಹತ್ತಿರ ನಡೆದರು. "ಏಳ್ರಿ ಸಾಹೇಬ್ರ. ಆ ನಾಮಪತ್ರ ನಂಗೊಂದು ಕೊಡ್ರಿ. ನವಿಲಿನ ಗುರ್ತಿಂದು."

ಹೆಂಗಸರು ಕೇಕೆ ಹಾಕಿದರು. ಈಗ ಎಲ್ಲರಿಗೂ ತಮ್ಮ ತಮ್ಮದು ಕೇಳುವ ಹುರುಪು. "ಬಸವಕುಮಾರಂದು ಹೇಳ್ರಿ!"

"ಅಂವ ದೇವರ ಮನ್ಯಾಗಿನ ಬೆಂಕಿ ಕದ್ದು ಮಂದಿಗೆ ಕೊಟ್ಟ. ಅದಕ್ಕ ಶಿಕ್ಷಾ ಆತು."

"ಖರೆ! ಖರೆ!" ಮಗ್ಗದವರೆಲ್ಲ ಕೂಗಿದರು. ಹಿಂದೊಮ್ಮೆ ಕರೆಂಟು ಕಡಿದಾಗ ಬಸವಕುಮಾರ ಕಂಬಕ್ಕೆ ತಂತಿ ಸಿಗಿಸಿ ಇಡೀ ಓಣಿಯ ಮಗ್ಗ ಓಡಿಸಿ, ದಂಡ ತೆತ್ತಿದ್ದ. "ಪುಣೇದ ಅಕ್ಕಾರಿಗೆ ಇದೆಲ್ಲಾ ಹೆಂಗ ಗೊತ್ತಾತು?"

"ನಂದು?" ಧರ್ಮರಾಜರ ದನಿ ಸಣ್ಣದಾಗಿತ್ತು.

"ನೀವು ಸತ್ತವರನ್ನ ದೋಣ್ಯಾಗ ಕುಂದ್ರಿಸಿ ಹೊಳಿ ದಾಟಸ್ತೀರಿ."

ಊರಿನ ಯಾವ ಹೆಣ ಎತ್ತಿದರೂ ಮೊದಲು ಹೆಗಲು ಕೊಡುವವರು ಧರ್ಮರಾಜರೇ. ಮುದುಕರು ಕೆಲವರು ಕೈಮುಗಿದರು. ಅಕ್ಕಾರು ಹಾರ ಬಿಸಾಡಿ ಸಿಟ್ಟಿನಲ್ಲಿ ಹೇಳಿದಷ್ಟೂ ಜನ ಮುಂದೆ ಮುಂದೆ ನುಗ್ಗಿದರು. ಯಾರೋ ಕೈ ಚಾಚಿ, "ನನ್ನ ಮಗಳ ಲಗ್ನ ಯಾವಾಗ ಹೇಳ್ರಿ" ಎನ್ನುತ್ತಿದ್ದರು.

"ಅದ್ಯಾರು ರೆಕ್ಕಿ ಹುಡುಗ? ಸೊನ್ನಿ ನಂಬರ?"

ಅಕ್ಕಾರು ತಲೆ ಎತ್ತಿ ನೋಡಿದರು. ಹಲ್ಲು ಕಡಿದರು. "ಇಂವ ಹುಚ್ಚ. ಮುಂದ ತಗ್ಗು ಐತೋ ದಿಬ್ಬ ಐತೋ ನೋಡಂಗಿಲ್ಲ. ಮೇಣದ ರೆಕ್ಕಿ ಕಟಗೊಂಡ ಮ್ಯಾಲ ಮ್ಯಾಲ ಏರತಾನ. ಆಮ್ಯಾಲ ಧೊಪ್ಪಂತ ಬೀಳತಾನ. ಎಲ್ಲಿ ಅದಾನ ಅಂವ ಈಗ?"

"ಮ್ಯಾಲ ಅದಾನ್ರಿ!" ಸಾಬಣ್ಣ ಸಂಭ್ರಮದಿಂದ ಕೈ ತೋರಿಸಿದ.

ಇಡೀ ಬನಹಟ್ಟಿ ಮೇಲೆ ನೋಡಿತು. ಭವಿಷ್ಯದ ಗದ್ದಲದಲ್ಲಿ ಒಂದೊಂದೇ ಗಂಟು ಕೊಯ್ಯುತ್ತ ಬಂದಿದ್ದೆ, ಇನ್ನೊಂದೇ ಹಗ್ಗ ಉಳಿದಿತ್ತು. ಅವಸರದಲ್ಲಿ ಕೊಯ್ದೆ. ನಾನು ಹಿಡಿದುಕೊಂಡಿದ್ದದ್ದೂ ಅದೇ ಹಗ್ಗ.

ಝೀಯಸ್, ಹೇರಾ, ಮೂರು ತಲೆಯ ನಾಯಿ, ಸರ್ಕಾರಿ ಶಿಕ್ಕೆ, ಎಲ್ಲರನ್ನೂ ಮೈಗೆ ಸುತ್ತಿಕೊಂಡು ನಾನು ಬಿದ್ದ ಸದ್ದಿಗೆ ಬಂದ ಚಪ್ಪಾಳೆ ಆ ಚುನಾವಣೆಯಲ್ಲಿ ಬೇರೆ ಯಾರಿಗೂ ಬರಲಿಲ್ಲ. "ಹೇಳಿದ್ದು ಹೇಳಿದಂಗ ಆತು!" ಎಂದು ಜನ ಅಕ್ಕಾರ ಕಾಲಿಗೆ ಬಿದ್ದರು. ನನ್ನ ಕಾಲು ಮುರಿದದ್ದನ್ನು ಆಮೇಲೆ ನೋಡಿದರು.

ಚುನಾವಣೆ ಮುಗಿಯಿತು. ಮುತ್ತವ್ವನವರು ಚೇರ್ಮನ್ ಆದರು. ಗಿರಿಮಲ್ಲಪ್ಪನವರು ಈಗ ಮುಧೋಳದ ಹೆಸರು ಬಂದರೆ ಕೆಮ್ಮುತ್ತಾರೆ. ಬಸವಕುಮಾರ ಹದ್ದಿನ ಮೇಲೆ ಆರಿಸಿ ಬಂದ. ಎಲ್ಲಕ್ಕಿಂತ ಹೆಚ್ಚು ಓಟು ಧರ್ಮರಾಜರಿಗೆ. ಇಂದಲ್ಲ ನಾಳೆ ಅವರ ದೋಣಿ ಹತ್ತಬೇಕಲ್ಲ, ಈಗಲೇ ಯಾಕೆ ನಿಷ್ಠುರ ಎಂದು ಎಲ್ಲರ ವಿಚಾರ.

ನಾನು ಪ್ಲಾಸ್ಟರು ಹಾಕಿಸಿಕೊಂಡು ಮಂಚದ ಮೇಲೆ ಬಿದ್ದು ಎಲ್ಲರನ್ನೂ ಬೈಯುತ್ತಿದ್ದೆ. ನನ್ನನ್ನು ನೋಡಲು ಬಂದವರೆಲ್ಲ ಫ್ಲೆಕ್ಸಿನಲ್ಲಿ ತಮ್ಮ ಮುಖ ಯಾಕಿರಲಿಲ್ಲ ಎಂದು ಕೇಳಿ ಹೋಗುತ್ತಿದ್ದರು. ಒಂದು ದಿನ ಪರಮಾನಂದ ಹಲ್ಲು ಕಿಸಿಯುತ್ತ ಬಂದ. ಕೈಯಲ್ಲಿ ಪುಣೆಯಿಂದ ಬಂದ ಡಬ್ಬಿ. ಬನಹಟ್ಟಿಯ ಸುದ್ದಿ ಪುಣೆಗೆ ಮುಟ್ಟಿ, ಡಬ್ಬಿ ಹೊರಗೆ ಬರುವ ಮೊದಲೇ ಜನ ಸಾಲು ಹಚ್ಚಿದರಂತೆ. ಅಕ್ಕಾರು ಒಂದು ಮುಖವನ್ನೂ ಬದಲಿಸಿರಲಿಲ್ಲ.

ಡಬ್ಬಿ ಕಸಿದುಕೊಂಡು ಮೇಲೆ ನೋಡಿದೆ. ‘ಚಿತ್ರ: ಪರಮಾನಂದ ಫ್ಲೆಕ್ಸ್, ಬನಹಟ್ಟಿ.’

"ಮಾಲಕ್ರ!" ಎಂದು ನಾನು ಹೊಡೆದ ಗರ್ಜನೆಗೆ ಅಟ್ಟದ ಮೇಲಿನ ಬೆಕ್ಕು ಕೆಳಗೆ ಬಿತ್ತು.

"ಮಾತಂದ್ರ ಮಾತು. ಗುಟ್ಟು ಹೋತು, ನಿನ್ನ ಹೆಸರೂ ಹೋತು. ಅಕ್ಕಾರ ಹಂಗ ಹೇಳ್ಯಾರ," ಅಂದ. "ಸಿಟ್ಟ ಆಗಬ್ಯಾಡೋ. ಒಳಗ ಬಿಚ್ಚಿ ನೋಡು. ಮೊದಲನೇ ಕಾರ್ಡು."

ಬಿಚ್ಚಿದೆ. ಸೊನ್ನೆ ನಂಬರು. ಮೇಣದ ರೆಕ್ಕೆ ಕಟ್ಟಿಕೊಂಡು ನಾನು ಕಡಿದಾದ ಬಂಡೆಯ ತುದಿಯಲ್ಲಿ ನಿಂತಿದ್ದೇನೆ. ಕೆಳಗೆ, ‘ಹುಚ್ಚ’ ಎಂದು ಇರಬೇಕಾದ ಜಾಗದಲ್ಲಿ, ಬಂಗಾರದ ಬಣ್ಣದ ಅಕ್ಷರದಲ್ಲಿ ಅಚ್ಚಾಗಿದೆ:

ಶಿವಪುತ್ರ.

"ಪುಣೇದಾಗ ಈಗ ಯಾರಿಗಾದ್ರೂ ಆ ಕಾರ್ಡು ಬಂತಂದ್ರ, ‘ನಿಮಗ ಶಿವಪುತ್ರ ಬಂದಾನ, ಎಚ್ಚರಿಕಿ ಇರ್ರಿ’ ಅಂತ ಹೇಳತಾರಂತ," ಅಂದ ಪರಮಾನಂದ.

ನನ್ನ ಹೆಸರು! ಬಂಗಾರದ ಅಕ್ಷರ! ಅದರ ಮೇಲೆ ಗುಲಾಬಿ ಹೂ ಇಲ್ಲ! ಊರಿಗೆಲ್ಲ ತೋರಿಸಬೇಕೆಂದು ಕಾರ್ಡು ಎತ್ತಿ ಹಿಡಿದು ಮಂಚದಿಂದ ಒಂದೇ ನೆಗೆತಕ್ಕೆ ಹಾರಿದೆ.

ಕಾಲಿಗೆ ಪ್ಲಾಸ್ಟರು ಇದ್ದದ್ದು ನೆನಪಾದದ್ದು ಗಾಳಿಯಲ್ಲಿದ್ದಾಗ.